ಹಿಮನದಿಯ ತೂಬು

ಛುಮೋ ಹಿಮನದಿಯ ಪಕ್ಕದ ಸಂಶೋಧನಾ ಠಾಣೆಗೆ ಬಂದ ಮೊದಲ ವಾರ ಈರಬಸಪ್ಪ ಗಾಣಿಗೇರನ ಕೈಯಲ್ಲಿ ಒಂದು ರೊಟ್ಟಿಯೂ ನೆಟ್ಟಗಾಗಲಿಲ್ಲ. ಗದಗ-ಬೆಟಗೇರಿಯಲ್ಲಿ ಮೂವತ್ತೈದು ವರ್ಷ ಖಾನಾವಳಿ ನಡೆಸಿದವನು ಅವನು. ದಿನಕ್ಕೆ ನಾನೂರು ರೊಟ್ಟಿ ಅವನ ಕಣ್ಣೆದುರಿಗೇ ಹೆಂಚಿನಿಂದ ಇಳಿಯುತ್ತಿದ್ದವು. ಇಲ್ಲಿ, ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ಊರಿನಿಂದ ಹೊತ್ತು ತಂದ ಅದೇ ಜೋಳದ ಹಿಟ್ಟು, ಅದೇ ಕೊಳಗ, ಅದೇ ಕೈ. ಆದರೂ ಹಿಟ್ಟು ಜಿಗಿ ಹಿಡಿಯುತ್ತಿರಲಿಲ್ಲ. ಬಡಿಯತೊಡಗಿದರೆ ಅಂಚು ಸೀಳಿ, ಅಂಗೈ ಅಗಲ ಆಗುವಷ್ಟರಲ್ಲಿ ಮೂರು ಚೂರಾಗುತ್ತಿತ್ತು.

"ಹಿಟ್ಟಿಂದು ತಪ್ಪಲ್ರಿ," ಎಂದಳು ಅವನ ಹೆಂಡತಿ ನೀಲಗಂಗಾ, ಚೂರುಗಳನ್ನೇ ಬದನೆಕಾಯಿ ಪಲ್ಯಕ್ಕೆ ಅದ್ದಿಕೊಂಡು ತಿನ್ನುತ್ತ. "ಇಲ್ಲಿ ಗಾಳಿ ತೆಳ್ಳಗ ಐತಿ. ನೀರು ಎಂಬತ್ತಾರು ಡಿಗ್ರಿಗೇ ಕುದಿಯಾಕ ಶುರು ಮಾಡ್ತೈತಿ. ಕುದಿಯೂದು ಕಣ್ಣಿಗೆ ಕಾಣತೈತಿ, ಹಿಟ್ಟು ಮಾತ್ರ ಬೇಯೂದಿಲ್ಲ."

"ಕುದ್ರೂ ಬಿಸಿ ಆಗದ ನೀರು! ಇಂಥಾ ಊರಾಗ ನೀ ಇಪ್ಪತ್ತೊಂಬತ್ತು ಬ್ಯಾಸಿಗಿ ಕಳದಿ."

"ನಾದಿದ ಹಿಟ್ಟನ್ನ ಡಬ್ಬಿಗೆ ಹಾಕಿ ಕುಕ್ಕರಿನಾಗ ಇಟ್ಟು ಎರಡು ಸೀಟಿ ಹೊಡಸ್ರಿ. ಆಮ್ಯಾಲೆ ಬಡೀರಿ."

ಅವನು ಹಾಗೆಯೇ ಮಾಡಿದ. ಒಂಬತ್ತನೆಯ ದಿನ ರೊಟ್ಟಿ ಪೂರಿಯಂತೆ ಉಬ್ಬಿತು. ಠಾಣೆಯ ಎಂಟು ಜನ ಅಡುಗೆಮನೆಗೆ ಬಂದು ನಿಂತು ನೋಡಿದರು.

ನೀಲಗಂಗಾ ಹಿಮನದಿಗಳ ವಿಜ್ಞಾನಿ. ಹೆಣ್ಣು ನೋಡಲು ಹೋದ ದಿನವೇ ಅವಳು ಎಲ್ಲರೆದುರು ಹೇಳಿಬಿಟ್ಟಿದ್ದಳು: "ಮೇ ತಿಂಗಳದಿಂದ ಸೆಪ್ಟೆಂಬರ್ ತನಕ ನಾ ಮನಿಯಾಗ ಇರೂದಿಲ್ಲ. ಹಿಮಾಲಯದಾಗ ಇರ್ತೀನಿ. ಪ್ರತಿ ವರ್ಷಾನೂ." ಹಿರಿಯರೆಲ್ಲ ಚಹದ ಬಟ್ಟಲು ಹಿಡಿದು ಮುಖ ಮುಖ ನೋಡಿಕೊಂಡರು. ಈರಬಸಪ್ಪ ಮಾತ್ರ ಕೇಳಿದ: "ಉಳದ ಏಳು ತಿಂಗಳು ಊಟ ನಮ್ಮಲ್ಲೇ ಹೌದಲ್ರಿ?" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮದುವೆಯಾಯಿತು.

ಮಗಳು ಸಂಪದಾ ಹುಟ್ಟಿದ ಮೇಲೂ ಆ ಲೆಕ್ಕ ಬದಲಾಗಲಿಲ್ಲ. ಮಗಳ ಮೊದಲ ಹೆಜ್ಜೆ ಬಿದ್ದದ್ದು ಒಂದು ಜೂನ್ ತಿಂಗಳಲ್ಲಿ, ಖಾನಾವಳಿಯ ಅಟ್ಟದ ಮೇಲೆ. ಜಡೆ ಹಾಕುವುದನ್ನು ಈರಬಸಪ್ಪ ರೊಟ್ಟಿ ಬಡಿಯಲು ಬರುತ್ತಿದ್ದ ಹೆಂಗಸರಿಂದ ಕಲಿತ. ಅಕ್ಟೋಬರಿನಲ್ಲಿ ನೀಲಗಂಗಾ ಸುಟ್ಟ ಮೂಗು, ಒಡೆದ ತುಟಿ ಹೊತ್ತು ಮನೆಗೆ ಬಂದು, ತಿಂಗಳುಗಟ್ಟಲೆ ಹಿಮನದಿಯ ಸುದ್ದಿಯನ್ನೇ ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ಒಮ್ಮೆಯೂ ಬಂದು ನೋಡಿರಲಿಲ್ಲ. ಅನ್ನ ಹಾಕುವ ಮನೆಗೆ ರಜೆ ಎಲ್ಲಿಯದು? ಈ ವರ್ಷ ಅವಳ ನೌಕರಿಯ ಕೊನೆಯ ಬೇಸಿಗೆ. ಖಾನಾವಳಿಯ ಬೀಗದಕೈಯನ್ನು ತಮ್ಮನ ಮಗಳ ಕೈಗೆ ಕೊಟ್ಟು, ಅವನು ಹೆಂಡತಿಯ ಜೊತೆ ಹೊರಟೇಬಿಟ್ಟ. "ಇಷ್ಟು ವರ್ಷ ನನ್ನ ಹೇಂತಿನ್ನ ಕರಕೊಂಡು ಹೋಗಿ ಇಟಗೊಂಡಾಕಿ ಹೆಂಗದಾಳ, ಒಮ್ಮೆ ನೋಡಬೇಕಲ್ಲ," ಎಂದು ಕೇಳಿದವರಿಗೆಲ್ಲ ಹೇಳಿದ್ದ.

ನೋಡಿದಾಗ ಅವನಿಗೆ ನಿರಾಸೆಯೇ ಆಯಿತು. ಹೊಳೆಯುವ ಬಿಳಿಯ ಬೆಟ್ಟವನ್ನು ನೆನೆಸಿಕೊಂಡು ಬಂದವನಿಗೆ ಕಂಡದ್ದು ಕಲ್ಲು ಮಣ್ಣು ಮೆತ್ತಿಕೊಂಡ, ಬೂದು ಬಣ್ಣದ, ಎಂಟು ಕಿಲೋಮೀಟರ್ ಉದ್ದದ ಇಳಿಜಾರು. ತುದಿಯಲ್ಲೊಂದು ಕರಿಯ ಗವಿ. ಆ ಗವಿಯಿಂದ ಹೊರಡುವ ಹೊಳೆ.

"ಬಿಸಲು ಬಿದ್ರ ಕರಗತೈತಿ, ಕರಗಿದ್ದು ಹರೀತೈತಿ. ಇದರಾಗ ಇಷ್ಟು ವರ್ಷ ಏನ್ ಮಾಡಿದಿ ನೀಲಾ?"

"ಹಂಗ ಸೀದಾ ಹರಿಯಂಗಿದ್ರ ನಾ ಯಾಕ ಬರ್ತಿದ್ದೆ?" ಎಂದು ಅವಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು. ಚಳಿಗಾಲದಲ್ಲಿ ಹಿಮದ ಭಾರಕ್ಕೆ ಒಳಗಿನ ಸುರಂಗಗಳೆಲ್ಲ ಹಿಚುಕಿ ಮುಚ್ಚಿಹೋಗುತ್ತವೆ. ಮೇ ತಿಂಗಳಲ್ಲಿ ಬಿಸಿಲು ಏರಿ ಮೇಲಿನ ಹಿಮ ಕರಗಿದರೂ ಆ ನೀರಿಗೆ ದಾರಿಯಿಲ್ಲ. ಮೊದಲು ಅದು ಹಳೆಯ ಮಂಜಿನೊಳಗೆ, ಹತ್ತಿಯ ಗಾದಿಯೊಳಗೆ ಇಂಗುವಂತೆ ಇಂಗುತ್ತದೆ. ಆಮೇಲೆ ಬಿರುಕುಗಳನ್ನು ತುಂಬುತ್ತದೆ. ಕೊನೆಗೆ ಹಿಮಕ್ಕೂ ತಳದ ಬಂಡೆಗೂ ನಡುವಿನ ಸಂದುಗೊಂದುಗಳಲ್ಲಿ ಸೇರಿ, ಇಡೀ ಹಿಮನದಿಯನ್ನೇ ನಾಲ್ಕು ಬೆರಳು ಮೇಲೆತ್ತುತ್ತದೆ. ಒತ್ತಡ ಹೆಚ್ಚಿದಂತೆ ನೀರು ತನ್ನ ದಾರಿಯನ್ನು ತಾನೇ ಕರಗಿಸಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಮೇಲೆ ಕರಗಿದ ಹನಿ ಕೆಳಗೆ ಹೊಳೆಗೆ ಬರಲು ಐದು ದಿನ. ಜುಲೈನಲ್ಲಿ ಸುರಂಗಗಳು ಅಗಲವಾದ ಮೇಲೆ, ಮಧ್ಯಾಹ್ನ ಕರಗಿದ್ದು ಚಹದ ಹೊತ್ತಿಗೆ ಹೊಳೆಯಲ್ಲಿ.

"ಹೆಸರಿಗೆ ನದಿ ಅಷ್ಟೇ," ಎಂದಳು. "ಇದು ಕೆರಿ ಇದ್ದಂಗ. ತೂಬು ಇಲ್ಲದ ಕೆರಿ."

ಆ ಕೆರೆಗೊಂದು ತೂಬು ಇಟ್ಟರೆ? ಇಪ್ಪತ್ತು ವರ್ಷಗಳ ಹಿಂದೆ ನೀಲಗಂಗಾ ಕೇಳಿಕೊಂಡ ಪ್ರಶ್ನೆ ಅದು. ಕೆಳಗಿನ ತಿಂಗ್ರಂಗ್ ಎಂಬ ಹಳ್ಳಿಯಲ್ಲಿ ಮೇ ತಿಂಗಳಲ್ಲಿ ಬಟಾಣಿ ಬಿತ್ತಬೇಕು. ಆದರೆ ಆಗ ಕಾಲುವೆಯಲ್ಲಿ ನೀರಿರುವುದಿಲ್ಲ. ಕರಗಿದ ನೀರೆಲ್ಲ ಹಿಮನದಿಯ ಹೊಟ್ಟೆಯಲ್ಲಿರುತ್ತದೆ. ಜೂನ್ ಕೊನೆಗೆ ಅದು ಒಮ್ಮೆಲೇ ಬಂದರೆ ಬಿತ್ತಿದ್ದೂ ಕೊಚ್ಚಿಹೋಗುತ್ತದೆ. ನೀಲಗಂಗಾ ಮತ್ತು ಅವಳ ಜೊತೆಗಾರರು ಕಂಡುಕೊಂಡ ಉಪಾಯಕ್ಕೆ ಠಾಣೆಯಲ್ಲಿ ಬಿಸಿದಾರ ಎಂದೇ ಹೆಸರು. ಕಿರುಬೆರಳು ದಪ್ಪದ, ಮೂರು ಕಿಲೋಮೀಟರ್ ಉದ್ದದ ಕೇಬಲ್ಲು. ಸೆಪ್ಟೆಂಬರಿನಲ್ಲಿ ನೀರು ಇಳಿದು ಸುರಂಗ ಇನ್ನೂ ತೆರೆದಿರುವಾಗ ಅದನ್ನು ಒಳಗೆ ಹಾಯಿಸಿ ಬರುತ್ತಾರೆ. ಚಳಿಗಾಲದಲ್ಲಿ ಹಿಮ ಅದನ್ನು ಅಪ್ಪಿಕೊಂಡು ಮುಚ್ಚುತ್ತದೆ. ಮೇ ತಿಂಗಳಲ್ಲಿ ಸೌರಫಲಕಗಳಿಂದ ಕರೆಂಟು ಹಾಯಿಸಿದರೆ ದಾರದ ಸುತ್ತ ತೋಳು ಹೋಗುವಷ್ಟು ರಂಧ್ರ ಕರಗುತ್ತದೆ. ಉಳಿದ ಕೆಲಸ ನೀರಿನದು. ಹೀಗೆ ತೆರೆಯುವುದಕ್ಕೆ ಮಾತ್ರ ಬರುತ್ತಿತ್ತು. ಮುಚ್ಚುವುದನ್ನು ಹಿಮಕ್ಕೇ ಬಿಡಬೇಕಿತ್ತು.

ತೂಬು ತೆರೆಯತೊಡಗಿ ಎಂಟು ವರ್ಷವಾಗಿತ್ತು. ಜೊತೆಗೆ ಅಡಿಕೆ ಗಾತ್ರದ ಸಾವಿರಾರು ಮಣಿಗಳನ್ನು ಬಿರುಕುಗಳಿಗೆ ಸುರಿಯುತ್ತಿದ್ದರು. ಅವು ನೀರಿನ ಜೊತೆ ಸಾಗುತ್ತ, ತಾವು ಎಲ್ಲಿದ್ದೇವೆ, ಎಷ್ಟು ಒತ್ತಡವಿದೆ ಎಂದು ರೇಡಿಯೋದಲ್ಲಿ ತಿಳಿಸುತ್ತಿದ್ದವು. ದಿನಾ ಬೆಳಿಗ್ಗೆ ಏಳಕ್ಕೆ ತಿಂಗ್ರಂಗಿನ ಧ್ವನಿವರ್ಧಕದಲ್ಲಿ ಆ ದಿನದ ನೀರಿನ ಸುದ್ದಿ: ಇಷ್ಟು ಗಂಟೆಗೆ ಇಷ್ಟು ನೀರು, ಮೇಲಿನ ಹೊಲಗಳು ಮೊದಲು. ಹೆಂಗಸರು ಬಟ್ಟೆ ಒಗೆಯುವ ದಿನವನ್ನೂ ಅದನ್ನು ಕೇಳಿಯೇ ಗೊತ್ತುಮಾಡುತ್ತಿದ್ದರು. ಜೂನಿನ ಪ್ರವಾಹ ನಿಂತುಹೋದದ್ದರಿಂದ ಹೊಳೆಯ ಪಕ್ಕದ ಬಯಲಿನಲ್ಲಿ ಹೊಸ ಹೊಲಗಳೆದ್ದವು. ಹನ್ನೆರಡು ಮನೆಗಳೂ ಎದ್ದವು.

ಈರಬಸಪ್ಪನಿಗೆ ಹಿಮನದಿಗಿಂತ ಮೊದಲು ಹಿಡಿಸಿದ್ದು ಆ ಹಳ್ಳಿ. ಠಾಣೆಯಿಂದ ಒಂದು ತಾಸಿನ ಇಳಿಜಾರು, ಒಂದು ತೂಗುಸೇತುವೆ, ಆಚೆ ತಿಂಗ್ರಂಗ್. ಕಾಲುವೆಯ ಮೇಲ್ವಿಚಾರಣೆ ನೋಡುತ್ತಿದ್ದ ಯಾಂಗ್ಚೆನ್ ಎಂಬ ಐವತ್ತೈದರ ಹೆಂಗಸಿನ ನೀರಿನ ಬೀಸುಗಲ್ಲಿನ ಮನೆ ಸೇತುವೆಯ ಆಚೆ ತುದಿಯಲ್ಲೇ ಇತ್ತು. ಹೊಳೆಯ ಒಂದು ಕವಲು ಹರಿದು ಕಲ್ಲು ತಿರುಗಿಸುತ್ತಿತ್ತು. ಅವನು ಅಲ್ಲಿ ಕುಳಿತು, ತನ್ನ ಹರಕುಮುರುಕು ಹಿಂದಿಯಲ್ಲಿ, ಹಿಟ್ಟಿನ ನುಣುಪಿನ ಬಗ್ಗೆ ಅವಳೊಂದಿಗೆ ಗಂಟೆಗಟ್ಟಲೆ ವಾದಿಸುತ್ತಿದ್ದ. ಅವಳು ಬಾರ್ಲಿ ಹಿಟ್ಟು ಹುರಿದು ಬೆಣ್ಣೆಯ ಚಹದಲ್ಲಿ ಕಲಸಿ ಕೊಡುತ್ತಿದ್ದಳು. ಇವನು ಶೇಂಗಾ ಚಟ್ನಿ ಒಯ್ದು ಕೊಡುತ್ತಿದ್ದ.

ಸೇತುವೆಯ ಬುಡದ ಬಂಡೆಗೆ ನೀರಿನ ಮಟ್ಟ ಅಳೆಯುವ ಕಬ್ಬಿಣದ ಪಟ್ಟಿ ಜಡಿದಿದ್ದರು. ತಾನೇ ಓದಿ ತಾನೇ ಕಳಿಸುವ ಯಂತ್ರವೂ ಇತ್ತು. ಏಪ್ರಿಲಿನಲ್ಲಿ ಹಿಮಗಡ್ಡೆ ಬಡಿದು ಅದು ಮುರಿದಿತ್ತು, ಹೊಸದು ಇನ್ನೂ ಬಂದಿರಲಿಲ್ಲ. "ಹೆಂಗೂ ದಿನಾ ಹರಟಿ ಹೊಡಿಯಾಕ ಹೊಕ್ಕೀರಿ," ಎಂದು ನೀಲಗಂಗಾ ಅವನ ಕೈಗೊಂದು ವಹಿ ಕೊಟ್ಟಿದ್ದಳು, "ಮುಂಜಾನೆ ಒಮ್ಮೆ, ಸಂಜಿ ನಾಕಕ್ಕ ಒಮ್ಮೆ ಪಟ್ಟಿ ಓದಿ ಬರ್ರಿ. ನೀರಿನ ಬಣ್ಣಾನೂ ಬರೀರಿ." ಅವನು ಅದನ್ನು ವ್ರತದಂತೆ ಪಾಲಿಸಿದ. ಬಿಸಿಲು ಹೆಚ್ಚಿದ ದಿನ ಸಂಜೆಯ ಮಟ್ಟ ಹೆಚ್ಚು, ಮೋಡದ ದಿನ ಕಡಿಮೆ. ಬಣ್ಣ ಸದಾ ಹಾಲಿನಂತೆ. ಹಿಮ ತಳದ ಬಂಡೆಯನ್ನು ತೇಯ್ದ ಹುಡಿ ಅದರಲ್ಲಿ ಕಲಸಿರುತ್ತದೆ ಎಂದು ನೀಲಗಂಗಾ ಹೇಳಿದ್ದಳು.

ಆ ವರ್ಷ ಏಪ್ರಿಲಿನಲ್ಲಿ ತಡವಾಗಿ ಭಾರಿ ಮಂಜು ಬಿತ್ತು. ಜೂನ್ ಮೊದಲ ವಾರ ಆಕಾಶ ತೊಳೆದಿಟ್ಟಂತೆ ತಿಳಿಯಾಗಿ, ಬಿಸಿಲು ಕೆರಳಿತು. ನೀಲಗಂಗಾ ಇಬ್ಬರು ಸಹಾಯಕರೊಂದಿಗೆ ಹಿಮನದಿಯ ಮೇಲಿನ ಬಿಡಾರಕ್ಕೆ ಹೋದಳು. ಠಾಣೆಯ ನಿಯಂತ್ರಣ ಕೋಣೆಯಲ್ಲಿ ರಿಗ್ಜಿನ್ ಎಂಬ ಎಂಜಿನಿಯರ್ ಪರದೆಯ ಮುಂದೆ ಕುಳಿತಿದ್ದ. ಅವನಿಗೆ ಮೂವತ್ತೆರಡು ವಯಸ್ಸು. ಅದೇ ಕಣಿವೆಯವನು.

ಜೂನ್ ಒಂಬತ್ತರ ಸಂಜೆ ನಾಲ್ಕಕ್ಕೆ ಈರಬಸಪ್ಪ ಪಟ್ಟಿ ಓದಿದ. ತೊಂಬತ್ತೆರಡು.

ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ತೊಂಬತ್ತೆರಡೇ. ನಿನ್ನೆ ಇದೇ ಹೊತ್ತಿಗೆ ನೂರಾ ಮೂವತ್ತೆಂಟು ಸೆಂಟಿಮೀಟರ್ ಇತ್ತು. ಇವತ್ತು ನಿನ್ನೆಗಿಂತ ಬಿಸಿಲು. ಅವನ ಕುತ್ತಿಗೆ ಉರಿಯುತ್ತಿತ್ತು. ಬಾಗಿ ನೋಡಿದ. ನೀರಿನ ತಳದಲ್ಲಿ ಒಂದೊಂದು ಬೆಣಚುಕಲ್ಲೂ ಕಾಣುತ್ತಿತ್ತು. ಹಾಲಿನ ಬಣ್ಣ ಹೋಗಿ ಹೊಳೆ ತಿಳಿಯಾಗಿತ್ತು.

ನೋಡಲು ಚೆಂದವಾಗಿಯೇ ಇತ್ತು. ಆದರೆ ಮಧ್ಯಾಹ್ನ ಖಾನಾವಳಿಗೆ ನೂರು ಜನ ನುಗ್ಗಿ ಒಬ್ಬರೂ ಹೊರಗೆ ಬರದಿದ್ದರೆ ಒಳಗೇನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬಗಲಿನ ವಾಕಿಟಾಕಿ ತೆಗೆದ.

"ನೀಲಾ, ತೊಂಬತ್ತೆರಡು ಐತಿ."

"ಎಷ್ಟು ಅಂದ್ರಿ?"

"ತೊಂಬತ್ತೆರಡು. ಎರಡು ಸಲ ನೋಡೀನಿ."

 ಅವಳು ಕೇಳಿದಳು: "ಬಣ್ಣ?"

"ತಿಳಿ ಐತಿ. ಕಲ್ಲು ಎಣಿಸಬಹುದು."

"ಅಲ್ಲೇ ಇರ್ರಿ. ನಾ ಕಂಬ ನೋಡಿ ಹೇಳ್ತೀನಿ."

ಹಿಮದಲ್ಲಿ ನೆಟ್ಟ ಕಂಬದ ಎತ್ತರವನ್ನು ಉಪಗ್ರಹದಿಂದ ಅಳೆಯುವ ಉಪಕರಣ ಅವಳ ಬಿಡಾರದಲ್ಲಿತ್ತು. ಹತ್ತು ನಿಮಿಷದಲ್ಲಿ ಅವಳ ದನಿ ಬಂತು. ಸಣ್ಣಗಿತ್ತು, ಆದರೆ ಅವಸರವಿರಲಿಲ್ಲ. "ನಿನ್ನಿಯಿಂದ ಇಪ್ಪತ್ತೆರಡು ಸೆಂಟಿಮೀಟರ್ ಎದ್ದೈತ್ರಿ. ಒಂದು ಗೇಣು. ಸುರಂಗದ ಮಾಳಿಗಿ ಎಲ್ಲೋ ಕುಸದು ಬಾಯಿಗೆ ಬಿರಡಿ ಬಡದಂಗ ಆಗೈತಿ. ನಿನ್ನಿ ಸಂಜಿಯಿಂದ ನೀರು ಪೂರಾ ಕೆಳಗ ನಿಂತೈತಿ."

ಅದೇ ತರಂಗದಲ್ಲಿ ರಿಗ್ಜಿನ್ ಹಿಂದಿಯಲ್ಲಿ ನಡುವೆ ಬಂದ. "ಮೇಡಂ, ನನ್ನ ಪರದೆಯಲ್ಲಿ ಮಣಿಗಳೆಲ್ಲ ಹಸಿರಾಗಿವೆ."

"ಎಷ್ಟು ಹೊತ್ತಿನ ಹಸಿರು, ರಿಗ್ಜಿನ್?"

ಅವನು ಮಣಿಗಳಿಂದ ಕೊನೆಯ ಸುದ್ದಿ ಬಂದ ಸಮಯವನ್ನು ಹುಡುಕತೊಡಗಿದ. ಹಿಂದಿನ ವರ್ಷ ಜೂನಿನಲ್ಲಿ ಮಣಿಗಳು ಚಳಿಗೆ ಕೆಟ್ಟು ಒಮ್ಮೆಲೇ ಸುದ್ದಿ ನಿಲ್ಲಿಸಿ, ಪರದೆ ಕೆಂಪಾಗಿ, ತಿಂಗ್ರಂಗಿನ ಜನ ಮೂರು ದಿನ ಗುಡ್ಡದ ಮೇಲೆ ಕುಳಿತಿದ್ದರು. ಹೊಳೆಯಲ್ಲಿ ಒಂದು ಗೇಣು ನೀರೂ ಏರಲಿಲ್ಲ. ಕಟ್ಟಿಹಾಕಿದ್ದ ಎರಡು ಹಸು ಕೆಳಗೆ ನೀರಿಲ್ಲದೆ ಸತ್ತವು. ಆ ಮೇಲೆಯೇ, ಸುದ್ದಿ ಬಾರದ ಮಣಿಯನ್ನು ಎರಡು ದಿನ ಹಳೆಯ ಬಣ್ಣದಲ್ಲೇ ತೋರಿಸುವಂತೆ ಪರದೆಯನ್ನು ಬದಲಿಸಿದ್ದರು.

"ಇಪ್ಪತ್ತೆರಡು ಗಂಟೆ," ಎಂದ ರಿಗ್ಜಿನ್. "ಮೇಡಂ, ಅದನ್ನು ಹಾಗೆ ಬದಲಿಸಿದವನು ನಾನು."

"ಸಹಿ ಹಾಕಿದವಳು ನಾನು. ಅದು ಆಮೇಲೆ. ಈಗ ಹಳ್ಳಿಗೆ ಸುದ್ದಿ ಹೇಳು."

ಧ್ವನಿವರ್ಧಕ ಕೂಗಿತು. ಬಯಲಿನ ಹೊಲಗಳಲ್ಲಿ ಬಟಾಣಿಯ ಕಳೆ ಕೀಳುತ್ತಿದ್ದ ಜನ ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿ ಕಳೆ ಕೀಳತೊಡಗಿದರು. ಯಾರೋ ನಕ್ಕದ್ದೂ ಕೇಳಿಸಿತು. ಈರಬಸಪ್ಪ ಸೇತುವೆ ದಾಟಿ ಓಡಿದ. ಅರವತ್ತೆರಡರ ಕಾಲು, ತೆಳ್ಳನೆಯ ಗಾಳಿ. ಬೀಸುಗಲ್ಲಿನ ಬಾಗಿಲಿಗೆ ಬಂದವನು ಚೌಕಟ್ಟು ಹಿಡಿದು ನಿಂತ. ಯಾಂಗ್ಚೆನ್ ಒಳಗೆ ಸೊಂಟದ ಮೇಲೆ ಕೈಯಿಟ್ಟು ಕಲ್ಲನ್ನೇ ನೋಡುತ್ತ ನಿಂತಿದ್ದಳು. ಅವನು ಬಂದದ್ದು ಅವಳಿಗೆ ಕಾಣಲೂ ಇಲ್ಲ.

ಕಲ್ಲು ನಿಂತಿತ್ತು.

"ಮಧ್ಯಾಹ್ನದಿಂದ ನಿಧಾನವಾಗುತ್ತ ಬಂತು, ಭಾಯಿ," ಎಂದಳು. "ಕಾಲುವೆಗೆ ಕಲ್ಲು ಸಿಕ್ಕಿರಬೇಕೆಂದು ಹೋಗಿ ನೋಡಿದೆ. ಏನೂ ಇಲ್ಲ. ನೀರೇ ಇಲ್ಲ. ಇಂಥ ಬಿಸಿಲಿನಲ್ಲಿ, ನಾಲ್ಕು ಗಂಟೆಗೆ, ನನ್ನ ಕಲ್ಲು ಎಂದೂ ನಿಂತಿಲ್ಲ."

ಅವನು ಉಸಿರು ಎಳೆದುಕೊಳ್ಳುತ್ತ ಮೇಲೆ ಹಿಮನದಿಯ ಕಡೆ ಕೈ ತೋರಿಸಿದ. "ಎಲ್ಲಾ ಅಲ್ಲಿದೆ, ದೀದಿ. ಎಲ್ಲಾ ಒಳಗೆ ನಿಂತಿದೆ."

ಯಾಂಗ್ಚೆನ್ ಅವನ ಮುಖ ನೋಡಿದಳು. ನಿಂತ ಕಲ್ಲನ್ನು ನೋಡಿದಳು.  ಹೊರಗೆ ಬಂದು ತಲೆಯ ವಸ್ತ್ರ ಬಿಚ್ಚಿ ಬೀಸುತ್ತ, ಧ್ವನಿವರ್ಧಕಕ್ಕಿಂತ ದೊಡ್ಡ ದನಿಯಲ್ಲಿ ಕೂಗುತ್ತ ಬಯಲಿಗಿಳಿದಳು. ಈರಬಸಪ್ಪನಿಗೆ ಅವಳ ಭಾಷೆ ತಿಳಿಯಲಿಲ್ಲ. ಆದರೆ ಆ ಮಾತಿನಲ್ಲಿ ಬೀಸುಗಲ್ಲಿಗೆ ಅವಳು ಅನ್ನುತ್ತಿದ್ದ ಹೆಸರು ನಾಲ್ಕು ಬಾರಿ ಬಂತು. ಜನ ಈಗ ಕುಡುಗೋಲು ಅಲ್ಲೇ ಬಿಟ್ಟು ಎದ್ದರು. ಸೂರ್ಯ ಮುಳುಗುವ ಮೊದಲು ಹನ್ನೆರಡು ಮನೆಗಳೂ ಖಾಲಿಯಾದವು. ಈ ಬಾರಿ ಹಸು, ಯಾಕ್, ಕುರಿ ಎಲ್ಲವನ್ನೂ ಬಿಚ್ಚಿ ಗುಡ್ಡದ ಮೇಲಿನ ಗೊಂಪಾದ, ಅಂದರೆ ಬೌದ್ಧ ಮಠದ, ಅಂಗಳಕ್ಕೆ ಹೊಡೆದರು. ಈರಬಸಪ್ಪನ ಬೆನ್ನ ಮೇಲೆ ನಡೆಯಲಾರದ ಒಬ್ಬ ಮುದುಕಿಯಿದ್ದಳು. ದಾರಿಯುದ್ದಕ್ಕೂ ಅವಳು ಅವನ ಕಿವಿ ಹಿಡಿದುಕೊಂಡಿದ್ದಳು.

ಅಂಗಳದಲ್ಲಿ ಅವಳನ್ನು ಇಳಿಸಿ ಅವನು ಮತ್ತೆ ವಾಕಿಟಾಕಿ ಒತ್ತಿದ. "ಎಲ್ಲಾರೂ ಮ್ಯಾಲೆ ಬಂದ್ರು. ನೀ ಯಾವಾಗ ಕೆಳಗ ಬರ್ತಿ?"

"ಇಬ್ಬರನ್ನೂ ಕಳಿಸೀನಿ. ಅವರು ಠಾಣೆ ಮುಟ್ಯಾರ."

"ನೀ?"

"ಕೇಳ್ರಿ. ತಾನಾಗೇ ಒಡೀತು ಅಂದ್ರ ಒಂದು ತಾಸಿನಾಗ ಪೂರಾ ಬರ್ತೈತಿ. ಗೊಂಪಾದ ಬುಡ ಸೈತ ಉಳಿಯೂದಿಲ್ಲ. ಹೋದ ವರ್ಷದ ದಾರ ಇನ್ನೂ ಪಕ್ಕದ ಸುರಂಗದಾಗ ಐತಿ. ಅದನ್ನ ತಗದಿರಲಿಲ್ಲ. ಬಿರಡಿ ಬಿದ್ದ ಜಾಗ ಬಿಟ್ಟು ಸುತ್ತಿ ಹೊಕ್ಕೈತಿ. ಅದಕ್ಕ ಕರೆಂಟ್ ಕೊಟ್ರ ಬ್ಯಾರೆ ದಾರಿಯಿಂದ ಸಾವಕಾಶ ಇಳಿಸಬಹುದು. ಇಲ್ಲಿನ ಸೌರಫಲಕದಿಂದ ಅದರ ತುದಿಗೆ ಅರ್ಧ ಕಿಲೋಮೀಟರ್ ಕೇಬಲ್ ಎಳದರ ಆತು. ಬಿಸಲು ಏರಿದ ಮ್ಯಾಲೇ ಅಷ್ಟು ಕರೆಂಟ್ ಬರೂದು. ನಾಳೆ ಮುಂಜಾನೆ."

"ಆ ದಾರ ಹರದಿದ್ರ?"

"ಗೊತ್ತಿಲ್ಲ."

ಈರಬಸಪ್ಪನಿಗೆ ಸಿಟ್ಟು ಬಂತು. ಇಷ್ಟು ವರ್ಷಗಳಲ್ಲಿ ಒಂದು ಬೇಸಿಗೆಗೂ ಬಾರದ ಸಿಟ್ಟು. "ನೀಲಾ, ನಿನ್ನ ಕಾಲ ಕೆಳಗಿನ ಹಿಮ ತೇಲಾಕತ್ತೈತಿ. ನನಗ ವಿಜ್ಞಾನ ಬ್ಯಾಡ. ನೀ ಕೆಳಗ ಬಾ."

"ಬರ್ತೀನ್ರಿ. ದಾರಕ್ಕ ಕರೆಂಟ್ ಕೊಟ್ಟ ಮ್ಯಾಲೆ."

"ಬ್ಯಾರೆಯವರು ಮಾಡಲಿ."

"ಯಾವ ಬಿರುಕು ಎಲ್ಲಿ ಐತಿ ಅಂತ ಬ್ಯಾರೆಯವರಿಗೆ ಗೊತ್ತಿಲ್ಲ. ಕೆಳಗಿನ ಹೊಲ ಎಬ್ಬಿಸಿದವರು ನನ್ನ ಮಾತು ನಂಬಿ ಎಬ್ಬಿಸ್ಯಾರ್ರಿ. ಜೂನ್‌ದಾಗ ನೀರು ಬರೂದಿಲ್ಲ ಅಂತ ನಾನೇ ಹೇಳಿದ್ದೆ."

 ಅಂಗಳದ ಆಚೆ ಕುರಿಗಳು ಅರಚುತ್ತಿದ್ದವು.

"ನೀವು ಒಂದು ಕೆಲಸ ಮಾಡ್ರಿ," ಎಂದಳು ಅವಳು, ದನಿಯನ್ನು ಮೃದು ಮಾಡಿ. "ದಾರಿ ಆತೋ ಇಲ್ಲೋ ಇಲ್ಲಿಂದ ನನಗ ಕಾಣೂದಿಲ್ಲ. ಮಣಿಗಳೂ ಸುಮ್ಮನಾಗ್ಯಾವ. ನಿಮಗ ಪಟ್ಟಿ ಕಾಣತೈತೇನು ಅಲ್ಲಿಂದ?"

ಗೊಂಪಾದ ಲಾಮಾನ ಬಳಿ ಹಳೆಯ ದುರ್ಬೀನಿತ್ತು. ಅಂಗಳದ ಅಂಚಿನ ಗೋಡೆಯಿಂದ ಸೇತುವೆಯ ಬುಡ ನೇರವಾಗಿ ಕಾಣುತ್ತಿತ್ತು. "ಕಾಣತೈತಿ," ಎಂದ.

"ಹಂಗಾದ್ರ ನಾಳೆ ನೀವೇ ನನ್ನ ಕಣ್ಣು."

ಮರುದಿನ ಬೆಳಿಗ್ಗೆ ಆರಕ್ಕೆ ಅವನು ಆ ಗೋಡೆಯ ಮೇಲೆ ಕುಳಿತ. ಯಾಂಗ್ಚೆನ್ ಪಕ್ಕದಲ್ಲಿ ಬಂದು ಕುಳಿತು ಒಂದು ಬಟ್ಟಲು ಚಹ ಕೊಟ್ಟಳು. ಅದು ಕೈಯಲ್ಲೇ ಆರಿತು. ಕಾಲು ಗಂಟೆಗೊಮ್ಮೆ ಅವನು ಅಂಕಿ ಹೇಳಿದ. ಎಂಬತ್ತೆಂಟು. ಎಂಬತ್ತೇಳು. ಎಂಬತ್ತೇಳು. ನಡುವೆ ನೀಲಗಂಗಾ ತನ್ನ ಸುದ್ದಿ ಹೇಳುತ್ತಿದ್ದಳು: ಕೇಬಲ್ಲಿನ ಸುರುಳಿ ಹೊತ್ತು ಹೊರಟೀನಿ. ಮೊದಲನೆಯ ಬಿರುಕು ದಾಟೀನಿ. ಎರಡನೆಯದು ನಿನ್ನೆಗಿಂತ ಅಗಲ ಆಗೈತಿ, ಸುತ್ತಿ ಬರ್ತೀನಿ. ಅವಳ ಏದುಸಿರು ಕೇಳಿಸುತ್ತಿತ್ತು. ಒಮ್ಮೆ ಇಪ್ಪತ್ತು ನಿಮಿಷ ಏನೂ ಕೇಳಿಸಲಿಲ್ಲ. ಈರಬಸಪ್ಪ ಹೇಳಬೇಕಾದ ಅಂಕಿಯನ್ನು ಹೇಳಿದ, ಮತ್ತೆ ಹೇಳಿದ, ಮೂರನೆಯ ಬಾರಿಯೂ ಹೇಳಿದ. ಯಾಂಗ್ಚೆನ್ ಅವನ ಮೊಣಕೈ ಹಿಡಿದುಕೊಂಡಳು.

"ಕೇಳಿಸ್ತೈತ್ರಿ," ಎಂಬ ದನಿ ಬಂತು ಕೊನೆಗೆ. "ಎರಡೂ ಕೈ ಹಗ್ಗದ ಮ್ಯಾಲೆ ಇದ್ದುವು."

ಹತ್ತೂವರೆಗೆ ಅವಳು ಹಳೆಯ ದಾರದ ತುದಿಯನ್ನು ಮಂಜಿನಿಂದ ಬಗೆದು ತೆಗೆದಳು. ಹತ್ತು ನಲವತ್ತಕ್ಕೆ ಕರೆಂಟು ಕೊಟ್ಟಳು. "ದಾರ ಹರದಿಲ್ಲ. ಕರೆಂಟ್ ಎಳೀತೈತಿ," ಎಂದಳು. ಆ ಮಾತು ಹೇಳುವಾಗ ಅವಳ ದನಿ ಬೆಟಗೇರಿಯ ಮನೆಯ ಪಡಸಾಲೆಯಲ್ಲಿ ಕುಳಿತು ಮಾತಾಡಿದಂತಿತ್ತು. "ಈಗ ಎಡಕ್ಕ ಬಂಡೆ ಕಡೆ ಸರೀತೀನಿ. ಹಿಮ ಬಿಟ್ಟು ಕಲ್ಲಿನ ಮ್ಯಾಲೆ ಕೂಡ್ತೀನಿ. ನೀವು ಪಟ್ಟಿ ನೋಡ್ರಿ."

ಹನ್ನೊಂದು. ಎಂಬತ್ತಾರು. ಹನ್ನೊಂದೂ ಕಾಲು. ಎಂಬತ್ತಾರು. ಹನ್ನೊಂದೂವರೆ. ಎಂಬತ್ತೈದು. ಬಿಸಿಲು ನೆತ್ತಿಗೇರುತ್ತಿತ್ತು. ಆ ಎಂಟು ಕಿಲೋಮೀಟರಿನಲ್ಲಿ ಪ್ರತಿ ನಿಮಿಷ ಎಷ್ಟು ಕರಗುತ್ತಿದೆ, ಎಷ್ಟು ಒಳಕ್ಕಿಳಿಯುತ್ತಿದೆ ಎಂದು ಈರಬಸಪ್ಪನಿಗೆ ಮೊದಲ ಬಾರಿಗೆ ಮೈಯಲ್ಲೇ ಗೊತ್ತಾಯಿತು. ಇಷ್ಟು ವರ್ಷ ಅವಳು ಹೇಳುತ್ತಿದ್ದಾಗ ತಾನು ಹೂಂಗುಟ್ಟಿದ್ದು ಇದಕ್ಕೆ.

ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ದುರ್ಬೀನಿನ ವೃತ್ತದಲ್ಲಿ ತಿಳಿನೀರಿನ ನಡುವೆ ಒಂದು ಬಿಳಿಯ ಎಳೆ ಕಂಡಿತು. ಕಣ್ಣಿನ ಪೊರೆ ಎಂದುಕೊಂಡ. ಆ ಎಳೆ ಅಗಲವಾಯಿತು. ಬೆಣಚುಕಲ್ಲುಗಳು ಒಂದೊಂದೇ ಮಾಯವಾದವು.

"ನೀಲಾ! ಹಾಲು ಬಂತು! ಹಾಲು ಬಂತು ನೀಲಾ!"

"ಅಂಕಿ ಹೇಳ್ರಿ ಮೊದಲ!"

"ತೊಂಬತ್ತೈದು. ಇಲ್ಲ, ನೂರಾ ಎರಡು. ಏರಾಕತ್ತೈತಿ."

ಯಾಂಗ್ಚೆನ್ ಎದ್ದು ನಿಂತು ಅಂಗಳದ ಕಡೆ ತಿರುಗಿ ಕೂಗಿದಳು. ಜನವೆಲ್ಲ ಗೋಡೆಗೆ ಬಂದು ಒತ್ತಿಕೊಂಡು ನಿಂತರು. ನೂರಾ ನಲವತ್ತು. ನೂರಾ ಎಂಬತ್ತು. ಎರಡು ಗಂಟೆಯ ಹೊತ್ತಿಗೆ ಹೊಳೆ ಬಯಲಿಗೆ ಹೊರಳಿತು. ಅದರ ಬಣ್ಣ ಈಗ ಹಾಲಲ್ಲ, ರಾಡಿ. ಬಟಾಣಿಯ ಹಸಿರು ಪಟ್ಟೆ ಪಟ್ಟೆಯಾಗಿ ಅದರಡಿಗೆ ಹೋಯಿತು. ಹನ್ನೆರಡು ಮನೆಗಳಲ್ಲಿ ಏಳರ ಗೋಡೆಗಳು ಕುಸಿದವು. ಬೀಸುಗಲ್ಲಿನ ಮಾಡು ಒಮ್ಮೆ ತಿರುಗಿ ಮುಳುಗಿತು. ಯಾಂಗ್ಚೆನ್ ಅದನ್ನು ನೋಡಿದಳು. ಮೂರೂ ಕಾಲಿಗೆ ಸೇತುವೆಯ ಒಂದು ಕಡೆಯ ಹಗ್ಗ ಕಿತ್ತಿತು. ಅದರ ಜೊತೆಗೆ ಬಂಡೆಯ ಮೇಲಿನ ಕಬ್ಬಿಣದ ಪಟ್ಟಿಯೂ ಎದ್ದುಹೋಯಿತು.

"ನೀಲಾ, ಪಟ್ಟಿ ಹೋತು."

"ಹೋಗಲಿ ಬಿಡ್ರಿ," ಎಂದಳು. "ಹಿಮ ಇಳಿಯಾಕತ್ತೈತಿ. ಆರು ಸೆಂಟಿಮೀಟರ್ ಇಳದೈತಿ."

ಎರಡು ಹಗಲು, ಎರಡು ರಾತ್ರಿ ಹೊಳೆ ಹಾಗೆಯೇ ಹರಿಯಿತು. ಗೊಂಪಾದ ಬುಡಕ್ಕೆ ಬರಲಿಲ್ಲ. ಒಂದು ಕುರಿಯೂ ಸಾಯಲಿಲ್ಲ.

ಸೇತುವೆ ಹೋದದ್ದರಿಂದ ಈರಬಸಪ್ಪ ಹಳ್ಳಿಯ ಕಡೆ ಉಳಿದ, ನೀಲಗಂಗಾ ಠಾಣೆಯ ಕಡೆ. ಒಂಬತ್ತು ದಿನ ಹಾಗೆಯೇ ಕಳೆಯಿತು. ಅವನು ಗೊಂಪಾದ ಅಡುಗೆಮನೆ ಹಿಡಿದು ಎಪ್ಪತ್ತು ಜನಕ್ಕೆ ಬೇಳೆ-ಅನ್ನ ಬೇಯಿಸಿ ಬಡಿಸಿದ. ದಿನಾ ಮಧ್ಯಾಹ್ನ ಅವಳು ಆಚೆ ದಡದ ಬಂಡೆಯ ಮೇಲೆ ಬಂದು ಕೂರುತ್ತಿದ್ದಳು, ಅವನು ಈಚೆ ದಡದಲ್ಲಿ. ಹೊಳೆಯ ಸದ್ದಿನಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ. ಅವಳು ಹಣೆಗೆ ಕೈಯಡ್ಡ ಹಿಡಿದು ನೋಡುವಳು, ಇವನು ದುರ್ಬೀನಿನಿಂದ ನೋಡುವನು. ಅವಳ ಮೂಗು ಎಂದಿನಂತೆ ಸುಟ್ಟಿತ್ತು. ಎಡಗೈಗೆ ಬಟ್ಟೆ ಕಟ್ಟಿತ್ತು. ಅದನ್ನವಳು ಹೇಳಿರಲಿಲ್ಲ. ಅವನು ತನ್ನ ಎಡಗೈ ಎತ್ತಿ ಏನೆಂದು ಸನ್ನೆಯಲ್ಲಿ ಕೇಳಿದ. ಅವಳು ಏನಿಲ್ಲ ಎಂದು ತಲೆಯಾಡಿಸಿದಳು. ಅವನು ನಂಬಲಿಲ್ಲ ಎಂದು ತಲೆಯಾಡಿಸಿದ.

ಹತ್ತನೆಯ ದಿನ ಊರವರು ಎರಡು ದಡಕ್ಕೂ ತಂತಿ ಎಳೆದು ಗಾಲಿಗೆ ಒಂದು ಪೆಟ್ಟಿಗೆ ಕಟ್ಟಿದರು. ಅದರಲ್ಲಿ ಮೊದಲು ದಾಟಿ ಬಂದವಳು ನೀಲಗಂಗಾ. ಗಂಡನ ಕಡೆ ಒಮ್ಮೆ ನೋಡಿ, ಮೊದಲು ನೆಟ್ಟಗೆ ಯಾಂಗ್ಚೆನ್ ಬಳಿಗೆ ಹೋದಳು. ಮರಳು ತುಂಬಿದ ಹೊಲದಲ್ಲಿ ಇಬ್ಬರೂ ನಿಂತರು.

"ಇಲ್ಲಿ ಹೊಲ ಮಾಡಬಹುದು ಎಂದು ನಿಮಗೆ ಅನ್ನಿಸಿದ್ದು ನನ್ನ ತೂಬಿನಿಂದ," ಎಂದಳು ನೀಲಗಂಗಾ ಹಿಂದಿಯಲ್ಲಿ. "ಅದರ ಬಗ್ಗೆ ನಾನು ಗಟ್ಟಿಯಾಗಿ ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ."

"ನೀನು ನೀರನ್ನು ಬೇಗ ತಂದುಕೊಟ್ಟೆ," ಎಂದಳು ಯಾಂಗ್ಚೆನ್. "ಹೊಳೆಯ ಹಾಸಿಗೆಯಲ್ಲಿ ಮಲಗಲು ಹೋದವರು ನಾವು." ಮೇಲಿನ ಹೊಲಗಳ ಕಡೆ ನೋಡಿ ಕೇಳಿದಳು: "ಬರುವ ಮೇ ತಿಂಗಳಿಗೆ ದಾರ ಹಾಕುತ್ತೀರಾ?"

"ನಮ್ಮ ಇಲಾಖೆಯ ಸಮಿತಿ ಕೂತು ಹೇಳಬೇಕು. ನೀವು ಬೇಡವೆಂದರೆ ಇಲ್ಲ."

"ಮೇಲಿನ ಹೊಲಗಳಿಗೆ ಬೇಕು. ಬಯಲನ್ನು ಹುಲ್ಲಿಗೆ ಬಿಡುತ್ತೇವೆ." ಯಾಂಗ್ಚೆನ್ ನೀಲಗಂಗಾಳ ಗಾಯದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ನೋಡಿದಳು. "ಆದರೆ ದಾರ ಹಾಕುವಾಗ ನೀನಿರಬೇಕು. ಆ ಪರದೆಯ ಹುಡುಗರ ಮೇಲೆ ನನಗೆ ನಂಬಿಕೆ ಇಲ್ಲ."

"ನನ್ನ ನೌಕರಿ ಈ ತಿಂಗಳು ಮುಗಿಯುತ್ತದೆ, ದೀದಿ." ಹಾಗೆನ್ನುತ್ತ ಅವಳು ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ಕಾದವನ ಮುಂದೆ ಇನ್ನೊಂದು ಸೆಪ್ಟೆಂಬರಿನ ಮಾತೆತ್ತಲು ಅವಳಿಗೆ ಬಾಯಿ ಬರಲಿಲ್ಲ.

ಈರಬಸಪ್ಪ ಅವರ ಮಾತಿಗೆ ಕಿವಿಗೊಟ್ಟಂತೆ ಕಾಣಲಿಲ್ಲ. ಸೇತುವೆಯ ಹಳೆಯ ಬಂಡೆಗೆ ಬೆನ್ನು ಮಾಡಿ ಕುಳಿತು, ಗೊಂಪಾದಿಂದ ತಂದ ಉದ್ದನೆಯ ಹಲಗೆಯೊಂದಕ್ಕೆ ಕೆಂಪು ಬಣ್ಣದಲ್ಲಿ ಏನೋ ಬರೆಯುತ್ತಿದ್ದ. ಪೆಟ್ಟಿಗೆಯಲ್ಲಿ ಎರಡನೆಯವನಾಗಿ ದಾಟಿ ಬಂದ ರಿಗ್ಜಿನ್ ಬಗ್ಗಿ ನೋಡಿದ. ಅಳತೆಯ ಗೆರೆಗಳು ಸರಿಯಾಗಿದ್ದವು, ಹತ್ತು ಹತ್ತು ಸೆಂಟಿಮೀಟರಿಗೆ ಒಂದೊಂದು. ಪಕ್ಕದ ಅಂಕಿಗಳು ಮಾತ್ರ ಅವನಿಗೆ ಅರ್ಥವಾಗಲಿಲ್ಲ.

"ಅಂಕಲ್‌ಜೀ, ಇದು ಯಾವ ಲಿಪಿ? ಇದನ್ನು ಇಲ್ಲಿ ಓದುವವರು ಯಾರು?"

"ನಾನು," ಎಂದ ಈರಬಸಪ್ಪ, ತಲೆಯೆತ್ತದೆ.

ನೀಲಗಂಗಾ ಬಂದು ಹಿಂದೆ ನಿಂತಳು. ಹಲಗೆಯ ಮೇಲೆ ಕೆಳಗಿನಿಂದ ಮೇಲಕ್ಕೆ ದುಂಡು ದುಂಡಾಗಿ ಕನ್ನಡದ ಅಂಕಿಗಳು: ೧೦, ೨೦, ೩೦, ಹಾಗೆಯೇ ೮೦ರವರೆಗೆ. ಬಣ್ಣ ಇನ್ನೂ ಹಸಿಯಾಗಿತ್ತು. ಅವಳು ಅವನ ಪಕ್ಕ ಮರಳಿನ ಮೇಲೆ ಕುಳಿತು, ಸರಿಯಿದ್ದ ಕೈಯಿಂದ ಬಣ್ಣದ ಡಬ್ಬಿಯನ್ನು ಹತ್ತಿರ ಎಳೆದು ಹಿಡಿದುಕೊಂಡಳು.

"ಎಂಟರ ಬಾಲ ಇನ್ನೊಂದು ಸ್ವಲ್ಪ ಮ್ಯಾಲೆ ಎಳೀರಿ," ಎಂದಳು. "ದೂರದಿಂದ ಕಾಣಬೇಕು."